ಡಾಕ್ಟರ್ ಪಾಪನಿಕೊಲಾವ್ ದಂಪತಿಗಳು

(ಅಂತಿಮ ಬಿ.ಎ. ವಿದ್ಯಾರ್ಥಿನಿ, ಕುಂಸಿ)

ಜೀವನಚರಿತ್ರೆಯೆಂದರೆ ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ರಾಜರು, ಕವಿಗಳು, ದೇಶಭಕ್ತರು ಬರುವುದು ವಾಡಿಕೆ. ನಾನು ಆರಿಸಿಕೊಂಡಿರುವ ಮನುಷ್ಯ ರಾಜ್ಯ ಕಟ್ಟಿದವನಲ್ಲ, ಕಾವ್ಯ ಬರೆದವನೂ ಅಲ್ಲ. ಪರದೇಶದ ಒಂದು ಊರಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ನಲವತ್ತೇಳು ವರ್ಷ ಕುಳಿತು, ಮೊದಲು ಸಣ್ಣ ಪ್ರಾಣಿಗಳ, ಆಮೇಲೆ ಹೆಂಗಸರ ಒಡಲಿನಿಂದ ಉದುರಿದ ಕಣಗಳಿಗೆ ಬಣ್ಣ ಕಟ್ಟಿ ನೋಡಿದವನು. ವಿಷಯ ಗರ್ಭಕೋಶಕ್ಕೆ ಸಂಬಂಧಪಟ್ಟದ್ದು. ಹೆಣ್ಣುಮಗಳೊಬ್ಬಳು ಇಂಥದನ್ನು ಹತ್ತು ಜನ ಓದುವ ಸಂಚಿಕೆಯಲ್ಲಿ ಬರೆಯಬಹುದೆ ಎಂದು ಗೆಳತಿಯೊಬ್ಬಳು ಸಂಕೋಚದಿಂದ ಕೇಳಿದಳು. ಬರೆಯಬೇಕೆಂದೇ ಬರೆಯುತ್ತಿದ್ದೇನೆ, ಕಾರಣ ಮುಂದೆ ತಾನಾಗಿ ತಿಳಿಯುತ್ತದೆ. ನಾನು ಚರಿತ್ರೆ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಓದುವವಳು. ವಿಜ್ಞಾನದ ವಿದ್ಯಾರ್ಥಿಗಳಿಗೆ ನನ್ನ ವಿವರಣೆ ಬಾಲಿಶವಾಗಿ ಕಂಡರೆ ಮನ್ನಿಸಬೇಕು.

ಜಾರ್ಜ್ ಪಾಪನಿಕೊಲಾವ್ ಹುಟ್ಟಿದುದು ೧೮೮೩ನೆಯ ಇಸವಿ ಮೇ ೧೩ರಂದು, ಗ್ರೀಸ್ ದೇಶದ ಯೂಬಿಯ ದ್ವೀಪದಲ್ಲಿರುವ ಕೀಮಿ ಎಂಬ ಸಣ್ಣ ಊರಿನಲ್ಲಿ. ಕುಂಸಿಯವಳಾದ ನನಗೆ ಆ ಊರಿನ ಹೆಸರೇ ಮೊದಲು ಹಿಡಿಸಿತು. ನಮ್ಮದು ಶಿವಮೊಗ್ಗೆಯಿಂದ ತಾಳಗುಪ್ಪೆಗೆ ಹೋಗುವ ರೈಲುದಾರಿಯ ಊರು, ಅದು ಕಡಲ ಮಗ್ಗುಲಿನ ಊರು. ಅಷ್ಟು ಬಿಟ್ಟರೆ, ದೊಡ್ಡ ಪಟ್ಟಣಕ್ಕೆ ಹೋಗಿ ಓದಿ ಬರಬೇಕಾದ ಹುಡುಗರ ಪಾಡು ಎಲ್ಲಿಯೂ ಒಂದೇ ಎಂದು ತೋರುತ್ತದೆ. ಅವನ ತಂದೆ ನಿಕೊಲಾಸ್ ವೈದ್ಯ. ಊರಿನ ಪುರಸಭೆಯ ಅಧ್ಯಕ್ಷನೂ ಪಾರ್ಲಿಮೆಂಟಿನ ಸದಸ್ಯನೂ ಆಗಿದ್ದವನು. ನಾಲ್ವರು ಮಕ್ಕಳಲ್ಲಿ ಜಾರ್ಜ್ ಮೂರನೆಯವನು. ಪಾಪನಿಕೊಲಾವ್ ಎಂಬ ಮನೆತನದ ಹೆಸರಿಗೆ ಗ್ರೀಕ್ ಭಾಷೆಯಲ್ಲಿ ಪಾದ್ರಿ ನಿಕೊಲಾಸನ ವಂಶದವರು ಎಂದರ್ಥ. ಆ ಹೆಸರಿನ ಮೊದಲ ಎರಡು ಅಕ್ಷರ ಕನ್ನಡದ ಕಿವಿಗೆ ಬೇರೆ ಏನನ್ನೋ ಹೇಳುತ್ತವೆ. ಅದರಿಂದ ನಮ್ಮ ಮನೆಯಲ್ಲಿ ಒಂದು ಪೇಚಾಟವೇ ನಡೆಯಿತು, ಅದು ಆಮೇಲೆ.

ಹದಿನೈದನೆಯ ವಯಸ್ಸಿಗೇ, ೧೮೯೮ರಲ್ಲಿ, ಅವನು ಅಥೆನ್ಸ್ ವಿಶ್ವವಿದ್ಯಾನಿಲಯ ಸೇರಿದನು. ಅವನ ಒಲವೆಲ್ಲ ಸಾಹಿತ್ಯ, ತತ್ತ್ವಶಾಸ್ತ್ರ, ಸಂಗೀತಗಳ ಕಡೆಗೆ. ಪಿಟೀಲು ಚೆನ್ನಾಗಿ ನುಡಿಸುತ್ತಿದ್ದನು. ತಂದೆಯ ಮಾತಿಗೆ ಒಪ್ಪಿ ವೈದ್ಯವನ್ನು ಓದಿ ೧೯೦೪ರಲ್ಲಿ ಉನ್ನತ ದರ್ಜೆಯಲ್ಲಿ ತೇರ್ಗಡೆಯಾದನು. ಸೈನ್ಯದಲ್ಲಿ ಕಡ್ಡಾಯ ಸೇವೆ ಮುಗಿಸಿ ಊರಿಗೆ ಬಂದು, ಊರ ಹೊರಗೆ ಬೇರೆಯಿರಿಸಿದ್ದ ಕುಷ್ಠರೋಗಿಗಳ ಆರೈಕೆ ಮಾಡಿದನು. ತಂದೆ ಕಟ್ಟಿಟ್ಟ ವೃತ್ತಿ ಕೈಗೆಟುಕುವಂತಿತ್ತು, ರೋಗಿಗಳೂ ಮನೆಬಾಗಿಲಿಗೇ ಬರುತ್ತಿದ್ದರು. ಆದರೂ ಅವನ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಜೀವ ಹೇಗೆ ಮೊಳೆಯುತ್ತದೆ, ಒಂದು ಮೊಟ್ಟೆ ಗಂಡಾಗುವುದು, ಇನ್ನೊಂದು ಹೆಣ್ಣಾಗುವುದು ಏತರಿಂದ ಎಂಬುದೇ ಅವನನ್ನು ಕಾಡುತ್ತಿದ್ದ ಪ್ರಶ್ನೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಓದಿದ ಮೇಲೆ ಕೆಲಸ ಸಿಗಬೇಕು ಎಂಬುದೊಂದೇ ನಮಗೆ ಗೊತ್ತಿರುವ ಲೆಕ್ಕ. ಸಿಕ್ಕಿದ ಕೆಲಸವನ್ನು ಬಿಟ್ಟು ಮತ್ತೆ ಓದಲು ಹೋದ ಮಗನ ಮೇಲೆ ಆ ತಂದೆಗೆ ಎಷ್ಟು ಬೇಸರವಾಗಿದ್ದೀತೆಂದು ನಾನು ಊಹಿಸಬಲ್ಲೆ.

೧೯೦೭ರಲ್ಲಿ ಅವನು ಜರ್ಮನಿಗೆ ಹೋದನು. ಯೇನಾದಲ್ಲಿ ಹೆಕೆಲ್, ಫ್ರೈಬುರ್ಗ್‌ನಲ್ಲಿ ವೈಸ್ಮನ್, ಮ್ಯೂನಿಕ್‌ನಲ್ಲಿ ಹರ್ಟ್‌ವಿಗ್, ಹೀಗೆ ಆ ಕಾಲದ ಮೂವರು ಘನವಿದ್ವಾಂಸರ ಬಳಿ ಕಲಿತು, ನೀರುಚಿಗಟೆಯೆನ್ನಬಹುದಾದ ಒಂದು ಕಿರುಜೀವಿಯಲ್ಲಿ ಲಿಂಗ ನಿರ್ಧಾರವಾಗುವ ಬಗೆಯನ್ನು ಕುರಿತು ಪ್ರಬಂಧ ಬರೆದು ೧೯೧೦ರಲ್ಲಿ ಡಾಕ್ಟರೇಟ್ ಪಡೆದನು. ಅದೇ ವರ್ಷ ಆಂಡ್ರೊಮಾಕಿ ಮಾವ್ರೊಯೇನಿ ಎಂಬಾಕೆಯನ್ನು ಕೈಹಿಡಿದನು. ಮಾವ್ರೊಯೇನಿಯವರದು ಹೆಸರುವಾಸಿಯಾದ ಮನೆತನ. ತಂದೆ ಸೈನ್ಯದ ಅಧಿಕಾರಿ. ಲೋಕ ಆಕೆಯನ್ನು ಮೇರಿಯೆಂದೇ ಕರೆಯಿತು. ನಾನೂ ಹಾಗೆಯೇ ಕರೆಯುತ್ತೇನೆ. ಈ ಚರಿತ್ರೆಯಲ್ಲಿ ಅರ್ಧ ಆಕೆಯದು.

ಮೊನಾಕೊದ ಸಮುದ್ರವಿಜ್ಞಾನ ಸಂಸ್ಥೆಯಲ್ಲಿ ಕೆಲಕಾಲ, ೧೯೧೨ರ ಬಾಲ್ಕನ್ ಯುದ್ಧದಲ್ಲಿ ಸೈನ್ಯದ ವೈದ್ಯನಾಗಿ ಕೆಲಕಾಲ ಕಳೆಯಿತು. ಯುದ್ಧಕ್ಕೆಂದು ಅಮೆರಿಕದಿಂದ ಮರಳಿ ಬಂದಿದ್ದ ಗ್ರೀಕ್ ಸ್ವಯಂಸೇವಕರ ಮಾತು ಕೇಳಿ, ಸಂಶೋಧನೆಗೆ ಅಲ್ಲಿ ಅವಕಾಶವುಂಟೆಂದು ನಂಬಿ, ೧೯೧೩ರ ಅಕ್ಟೋಬರಿನಲ್ಲಿ ಗಂಡಹೆಂಡಿರು ನ್ಯೂಯಾರ್ಕಿಗೆ ಬಂದಿಳಿದರು. ಕೈಯಲ್ಲಿ ಸುಮಾರು ೨೫೦ ಡಾಲರು. ಇಂಗ್ಲಿಷ್ ಇಬ್ಬರಿಗೂ ಬಾರದು. ಗಿಂಬೆಲ್ಸ್ ಎಂಬ ದೊಡ್ಡ ಅಂಗಡಿಯಲ್ಲಿ ಇಬ್ಬರಿಗೂ ಕೆಲಸ ಸಿಕ್ಕಿತು: ಆಕೆಗೆ ಬಟ್ಟೆಗೆ ಗುಂಡಿ ಹೊಲಿಯುವುದು, ವಾರಕ್ಕೆ ೫ ಡಾಲರು; ಅವನಿಗೆ ಜಮಖಾನೆ ಮಾರುವುದು. ಎರಡು ಡಾಕ್ಟರ್ ಪದವಿಗಳ ಒಡೆಯ ಜಮಖಾನೆ ಮಾರಾಟದಲ್ಲಿ ಒಂದು ದಿನಕ್ಕಿಂತ ಹೆಚ್ಚು ನಿಲ್ಲಲಾರದೆ ಹೋದನು. ಹೋಟೆಲುಗಳಲ್ಲಿ ಪಿಟೀಲು ನುಡಿಸಿದನು, ಗ್ರೀಕ್ ಪತ್ರಿಕೆಯೊಂದರಲ್ಲಿ ಗುಮಾಸ್ತೆಯಾದನು. ಗುಂಡಿ ಹೊಲಿಯುತ್ತ ಮನೆ ನಡೆಸಿದವಳು ಮೇರಿ. ಕೊನೆಗೆ ನೀರುಚಿಗಟೆಯ ಪ್ರಬಂಧವೇ ಕೈಹಿಡಿಯಿತು. ಕೊಲಂಬಿಯಾ ವಿಶ್ವವಿದ್ಯಾನಿಲಯದ ಥಾಮಸ್ ಹಂಟ್ ಮಾರ್ಗನ್ ಅದನ್ನು ಬಲ್ಲವನಾಗಿದ್ದನು. ಅವನ ಶಿಫಾರಸಿನಿಂದ ೧೯೧೪ರಲ್ಲಿ ಪಾಪನಿಕೊಲಾವ್ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಅಂಗರಚನಾಶಾಸ್ತ್ರ ವಿಭಾಗದಲ್ಲಿ ಚಾರ್ಲ್ಸ್ ಸ್ಟಾಕಾರ್ಡನ ಕೈಕೆಳಗೆ ಸಹಾಯಕನಾದನು. ಮೇರಿಯೂ ಅಲ್ಲಿಗೇ ಬಂದು, ಸಂಬಳವಿಲ್ಲದೆ, ಗಂಡನ ಪ್ರಯೋಗಶಾಲೆಯ ಕೆಲಸಕ್ಕೆ ನಿಂತಳು.

ಇಲ್ಲಿಂದ ಮುಂದಿನದು ನನಗೆ ಬಹಳ ಪ್ರಿಯವಾದ ಭಾಗ. ಅದನ್ನು ಸಾವಕಾಶವಾಗಿ ಹೇಳುತ್ತೇನೆ.

ಸ್ಟಾಕಾರ್ಡನ ಬಳಿ ಗಿನಿಪಿಗ್‌ಗಳ ದೊಡ್ಡ ಹಿಂಡೇ ಇತ್ತು. ಹೆಂಡದ ಆವಿ ಉಸಿರಾಡಿದ ಪ್ರಾಣಿಗಳ ಸಂತಾನ ಹೇಗಿರುತ್ತದೆಂದು ಆತ ಪರೀಕ್ಷಿಸುತ್ತಿದ್ದನು. ಪಾಪನಿಕೊಲಾವ್‌ಗೆ ಬೇಕಾದದ್ದು ಬೇರೆ: ಅಂಡಾಶಯದಿಂದ ಮೊಟ್ಟೆ ಹೊರಬೀಳುವ ಗಳಿಗೆಗೆ ಸ್ವಲ್ಪ ಮುಂಚಿನ ಮೊಟ್ಟೆ. ಆ ಗಳಿಗೆಯನ್ನು ತಿಳಿಯುವುದು ಹೇಗೆ? ನಮ್ಮ ಕೊಟ್ಟಿಗೆಯ ಹಸು ಬೆದೆಗೆ ಬಂದರೆ ಅಪ್ಪನಿಗೆ ಯಾವ ಶಾಸ್ತ್ರವೂ ಬೇಡ. ಅದು ಕೂಗುತ್ತದೆ, ಮೇವು ಬಿಡುತ್ತದೆ, ಹಿಂದೆ ನೀರಿನಂಥ ಲೋಳೆ ಸೋರುತ್ತದೆ. ಅಪ್ಪ ದನದ ಡಾಕ್ಟರನ್ನು ಕರೆಯಲು ಹೊರಡುತ್ತಾರೆ. ಗಿನಿಪಿಗ್ ಹೀಗೆ ಯಾವ ಗುರುತನ್ನೂ ಎದ್ದು ತೋರಿಸುವುದಿಲ್ಲ. ಅದಕ್ಕೆ ನಿಯತವಾದ ಋತುಚಕ್ರವಿದೆಯೆಂಬುದೇ ಆಗ ಸ್ಪಷ್ಟವಾಗಿರಲಿಲ್ಲ. ಆದುದರಿಂದ ಅದೃಷ್ಟಕ್ಕೆ ಬಿಟ್ಟು ಒಂದಾದ ಮೇಲೊಂದು ಪ್ರಾಣಿಯನ್ನು ಕೊಯ್ದು ನೋಡಬೇಕಾಗುತ್ತಿತ್ತು. ಬಹುಪಾಲು ಜೀವಗಳು ವ್ಯರ್ಥವಾಗುತ್ತಿದ್ದವು.

ಅವನು ಹೀಗೆ ಯೋಚಿಸಿದನು. ಹೆಣ್ಣುಪ್ರಾಣಿಗಳಲ್ಲಿ ಹಲವಕ್ಕೆ ನಿಯತಕಾಲಕ್ಕೆ ಸ್ರಾವವಿರುವಾಗ ಇದಕ್ಕೂ ಇರಲೇಬೇಕು. ಕಣ್ಣಿಗೆ ಕಾಣದಷ್ಟು ಅಲ್ಪವಾಗಿರಬಹುದು. ಮೂಗಿನೊಳಗನ್ನು ನೋಡಲು ವೈದ್ಯರು ಬಳಸುವ ಚಿಕ್ಕ ಇಕ್ಕಳದಂಥ ಉಪಕರಣವೊಂದನ್ನು ತಂದು, ಅದರ ನೆರವಿನಿಂದ ಗಿನಿಪಿಗ್‌ನ ಯೋನಿಯಿಂದ ಒಂದಿಷ್ಟು ದ್ರವ ತೆಗೆದು, ಗಾಜಿನ ಪಟ್ಟಿಯ ಮೇಲೆ ಸವರಿ, ಸೂಕ್ಷ್ಮದರ್ಶಕದ ಕೆಳಗಿಟ್ಟನು. ಒಂದು ದಿನ ನೋಡಿ ಬಿಡಲಿಲ್ಲ, ದಿನವೂ ನೋಡಿದನು. ಜೀವಕೋಶಗಳು ದಿನದಿಂದ ದಿನಕ್ಕೆ ರೂಪ ಬದಲಿಸುತ್ತಿದ್ದವು. ಒಮ್ಮೆ ಚಪ್ಪಟೆಯಾದ ದೊಡ್ಡ ಕೋಶಗಳು, ಒಮ್ಮೆ ರಕ್ತದ ಬಿಳಿಯ ಕಣಗಳ ಮುತ್ತಿಗೆ, ಮತ್ತೆ ಮೊದಲಿನಂತೆ. ಹದಿನೈದು ಹದಿನಾರು ದಿನಗಳಿಗೆ ಒಂದು ಸುತ್ತು. ಆಯಾ ದಿನದ ಪ್ರಾಣಿಯ ಅಂಡಾಶಯ, ಗರ್ಭಕೋಶ, ಯೋನಿಗಳ ಅಂಗಾಂಶವನ್ನು ತೆಳುವಾಗಿ ಹೆರೆದು ಬಣ್ಣ ಹಾಕಿ ಹೋಲಿಸಿ ನೋಡಿದಾಗ ಒಳಗಿನ ಮಾರ್ಪಾಡೂ ಗಾಜಿನ ಮೇಲಿನ ಮಾರ್ಪಾಡೂ ಒಂದಕ್ಕೊಂದು ತಾಳೆಯಾದವು. ಒಡಲನ್ನು ಸೀಳದೆಯೇ ಒಡಲಿನೊಳಗಿನ ಸುದ್ದಿ ಹೊರಕ್ಕೆ ಬಂದಿತ್ತು. ಸ್ಟಾಕಾರ್ಡನೂ ಅವನೂ ೧೯೧೭ರಲ್ಲಿ ಇದನ್ನು ಪ್ರಕಟಿಸಿದರು. ಅದೇ ಉಪಾಯವನ್ನು ಹಿಡಿದು ಅಲೆನ್ ಮತ್ತು ಡಾಯ್ಸಿ ಎಂಬ ಇಬ್ಬರು ೧೯೨೩ರಲ್ಲಿ ಅಂಡಾಶಯದ ರಸದ ಪ್ರಭಾವವನ್ನು ಅಳೆದರು. ಹೆಣ್ಣಿನ ಹಾರ್ಮೋನುಗಳ ವಿಷಯದಲ್ಲಿ ಆಮೇಲೆ ಬೆಳೆದ ಶಾಸ್ತ್ರಕ್ಕೆಲ್ಲ ಈ ಗಾಜಿನ ಪಟ್ಟಿಯೂ ಒಂದು ಮೂಲ.

ಗಿನಿಪಿಗ್‌ನಲ್ಲಿ ಕಂಡದ್ದು ಮನುಷ್ಯರಲ್ಲಿಯೂ ಕಾಣುವುದೆ? ಕೇಳುವುದು ಸುಲಭ, ಪರೀಕ್ಷೆಗೆ ಒಪ್ಪುವವರು ಯಾರು? ಮೇರಿ ಒಪ್ಪಿದಳು. ಒಂದೆರಡು ಸಲವಲ್ಲ, ಇಪ್ಪತ್ತೊಂದು ವರ್ಷಗಳ ಕಾಲ ಆಕೆ ತನ್ನ ಮಾದರಿಯನ್ನು ಗಂಡನ ಸೂಕ್ಷ್ಮದರ್ಶಕಕ್ಕೆ ಕೊಟ್ಟಳು. ನಮ್ಮ ಕಡೆ ಹೊರಗಾದ ಹೆಂಗಸು ಇಂದಿಗೂ ಕೆಲವು ಮನೆಗಳಲ್ಲಿ ದೇವರ ಕೋಣೆಯ ಹೊಸಿಲು ದಾಟುವಂತಿಲ್ಲ. ಆ ದಿನಗಳ ಮಾತನ್ನು ಬಾಯಿಬಿಟ್ಟು ಆಡುವಂತೆಯೂ ಇಲ್ಲ. ನೂರು ವರ್ಷಗಳ ಹಿಂದಿನ ಗ್ರೀಕ್ ಮನೆತನದ ಹೆಣ್ಣಿಗೂ ಸಂಕೋಚ ಕಡಿಮೆಯಿದ್ದಿರಲಾರದು. ಎಲ್ಲರೂ ಮುಚ್ಚಿಡುವುದನ್ನು ಆಕೆ ದಿನನಿತ್ಯದ ಲೆಕ್ಕಪುಸ್ತಕದಂತೆ ಗಾಜಿನ ಮೇಲೆ ಬರೆಸಿದಳು. ಮಕ್ಕಳಾದರೆ ಕೆಲಸಕ್ಕೆ ಅಡ್ಡಿಯಾದೀತೆಂದು ದಂಪತಿಗಳು ಮಕ್ಕಳನ್ನೂ ಬಯಸಲಿಲ್ಲ. ಗಂಡನಿಗಾಗಿ ಇಷ್ಟೆಲ್ಲ ತ್ಯಾಗ ಸರಿಯೆ ಎಂದು ವಾದಿಸುವ ಗೆಳತಿಯರು ನನಗಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಆಕೆ ಬರಿಯ ಗಂಡನ ಕೆಲಸವನ್ನು ಮಾಡಲಿಲ್ಲ, ತನ್ನ ಕೆಲಸವನ್ನೇ ಮಾಡಿದಳು. ಪುಸ್ತಕದ ಮೇಲೆ ಹೆಸರು ಮಾತ್ರ ಗಂಡನದೊಂದೇ ಬಂದಿತು.

೧೯೨೫ರಲ್ಲಿ ನ್ಯೂಯಾರ್ಕಿನ ಹೆಂಗಸರ ಆಸ್ಪತ್ರೆಯೊಂದರ ಸ್ವಯಂಸೇವಕಿಯರನ್ನು ಕ್ರಮವಾಗಿ ಪರೀಕ್ಷಿಸತೊಡಗಿದಾಗ, ಒಬ್ಬಾಕೆಯ ಮಾದರಿಯಲ್ಲಿ ಎಂದೂ ಕಾಣದ ವಿಕಾರ ಕೋಶಗಳು ಕಂಡವು. ಆಕೆಗೆ ಗರ್ಭಕೋಶದ ಏಡಿಗಂತಿ, ಅಂದರೆ ಕ್ಯಾನ್ಸರ್, ಇತ್ತು. ಹುಡುಕಿದ್ದು ಋತುಚಕ್ರವನ್ನು, ಸಿಕ್ಕಿದ್ದು ರೋಗದ ಗುರುತು. ಆ ಗಳಿಗೆಯ ರೋಮಾಂಚವನ್ನು ಅವನು ಬಾಳಿನುದ್ದಕ್ಕೂ ನೆನೆಯುತ್ತಿದ್ದನು. ರೋಗವಿದೆಯೆಂದು ಮೊದಲೇ ತಿಳಿದಿದ್ದ ಇತರ ಹೆಂಗಸರ ಮಾದರಿಗಳನ್ನೂ ತಂದು ನೋಡಿದನು, ಅದೇ ವಿಕಾರ.

೧೯೨೮ರ ಜನವರಿಯಲ್ಲಿ ಅಮೆರಿಕದ ಬ್ಯಾಟಲ್ ಕ್ರೀಕ್ ಎಂಬಲ್ಲಿ ಅವನು ಈ ಸಂಗತಿಯನ್ನು ಸಭೆಯ ಮುಂದಿಟ್ಟನು. ಆ ಸಭೆ ಸೇರಿದುದು ಮಾನವ ಜನಾಂಗವನ್ನು ಸುಧಾರಿಸುತ್ತೇವೆಂಬ ಹೆಸರಿನಲ್ಲಿ. ಉತ್ತಮ ಕುಲ, ಅಧಮ ಕುಲ ಎಂಬ ವಿಂಗಡಣೆಗೆ ಶಾಸ್ತ್ರದ ವೇಷ ತೊಡಿಸುತ್ತಿದ್ದವರ ಕೂಟವದು. ಆ ಕೂಟದ ಮಾತುಗಳನ್ನು ಲೋಕ ಇಂದು ನಾಚಿಕೆಯಿಂದ ನೆನೆಯುತ್ತದೆ. ಅಲ್ಲಿ ಓದಿದ ಈ ಒಂದು ಪ್ರಬಂಧ ಬದುಕಿ ಉಳಿಯಿತು. ಅಂದಿನ ದಿನ ಮಾತ್ರ ಅದಕ್ಕೆ ಆದರ ದೊರೆಯಲಿಲ್ಲ. ಇನ್ನೊಂದು ಮಾತನ್ನು ಇಲ್ಲಿಯೇ ಹೇಳುವುದು ನ್ಯಾಯ: ರುಮೇನಿಯ ದೇಶದ ಔರೆಲ್ ಬಾಬೆಷ್ ಎಂಬ ವೈದ್ಯನೂ ತಾನೇ ಸ್ವತಂತ್ರವಾಗಿ ಇಂಥ ಪರೀಕ್ಷೆಯನ್ನು ಕಂಡುಹಿಡಿದು, ೧೯೨೭ರಲ್ಲಿ ತನ್ನ ದೇಶದ ಸಭೆಯಲ್ಲಿಯೂ ೧೯೨೮ರಲ್ಲಿ ಫ್ರೆಂಚ್ ಪತ್ರಿಕೆಯಲ್ಲಿಯೂ ಪ್ರಕಟಿಸಿದ್ದನು. ಅವನ ವಿಧಾನ ಬೇರೆ, ಉದ್ದೇಶ ಒಂದೇ. ರುಮೇನಿಯದವರು ಅವನ ಹೆಸರನ್ನು ಬಿಟ್ಟುಕೊಡುವುದಿಲ್ಲ, ಬಿಟ್ಟುಕೊಡಬೇಕಾಗಿಯೂ ಇಲ್ಲ.

ವೈದ್ಯರು ಏಕೆ ಒಪ್ಪಲಿಲ್ಲ? ಅವರನ್ನು ಮೂಢರೆಂದು ಜರಿಯುವುದು ಸುಲಭ. ಅವರಿಗೂ ಒಂದು ವಾದವಿತ್ತು. ರೋಗ ಶಂಕೆಯಿರುವ ಜಾಗದಿಂದ ಚೂರು ಮಾಂಸ ಕತ್ತರಿಸಿ, ಮೇಣದಲ್ಲಿ ಹುದುಗಿಸಿ, ಕಾಗದಕ್ಕಿಂತ ತೆಳುವಾಗಿ ಹೆರೆದು, ಬಣ್ಣ ಹಾಕಿ ನೋಡುವುದು ಅವರ ಪದ್ಧತಿ. ಅದರಲ್ಲಿ ಕೋಶಗಳು ಒಂದರ ಪಕ್ಕ ಒಂದು ಹೇಗೆ ಕೂತಿವೆ, ಎಲ್ಲಿ ಎಲ್ಲೆ ಮೀರಿವೆ ಎಂಬುದು ಇಡಿಯಾಗಿ ಕಾಣುತ್ತದೆ. ಗೋಡೆಯನ್ನೇ ನೋಡಲು ಸಾಧ್ಯವಿರುವಾಗ ಉದುರಿದ ಇಟ್ಟಿಗೆಗಳನ್ನು ಆಯ್ದು ಕಟ್ಟಡದ ಗತಿ ಹೇಳುವುದೇಕೆ ಎಂಬುದು ಅವರ ಆಕ್ಷೇಪದ ತಿರುಳು. ಅವರು ಮರೆತದ್ದು ಇಷ್ಟು: ಎಲ್ಲಿ ಕತ್ತರಿಸಬೇಕೆಂದು ತಿಳಿಯುವುದು ಗಂತಿ ಕಣ್ಣಿಗೆ ಕಂಡ ಮೇಲೆ. ನೋವಿಲ್ಲದ, ಏನೂ ಕಾಣದ ಹೆಂಗಸಿನಿಂದ ಯಾರೂ ಮಾಂಸ ಕತ್ತರಿಸುವುದಿಲ್ಲ. ಗರ್ಭಕೋಶದ ಕೊರಳಿನ ಏಡಿಗಂತಿಯಾದರೋ ಒಂದು ದಿನದಲ್ಲಿ ಹುಟ್ಟುವುದಲ್ಲ. ಮೇಲ್ಪದರದ ಕೋಶಗಳು ಮೊದಲು ಸ್ವಲ್ಪ ಕೆಡುತ್ತವೆ, ಆಮೇಲೆ ಇನ್ನಷ್ಟು. ಹೀಗೆ ಹಲವು ವೇಳೆ ಹತ್ತು ವರ್ಷ, ಅದಕ್ಕಿಂತ ಹೆಚ್ಚು ಕಾಲವೂ ಕಳೆಯುತ್ತದೆ. ಅಷ್ಟು ಕಾಲವೂ ಆಕೆ ಮನೆಗೆಲಸ ಮಾಡಿಕೊಂಡು ಚೆನ್ನಾಗಿಯೇ ಇರುತ್ತಾಳೆ. ಕೆಟ್ಟ ಕೋಶಗಳು ಮಾತ್ರ ಉದುರುತ್ತಲೇ ಇರುತ್ತವೆ.

ಇದನ್ನು ಓದುವಾಗ ನನಗೆ ನಮ್ಮ ದೊಡ್ಡಮ್ಮನ ನೆನಪು ಬಾರದೆ ಹೋಗಲಿಲ್ಲ. ಅಡಿಕೆ ಸುಲಿಯುವುದರಲ್ಲಿ ಅವರಷ್ಟು ಚುರುಕು ಕೈ ನಮ್ಮ ಕೇರಿಯಲ್ಲಿ ಇರಲಿಲ್ಲ. ಮುಟ್ಟು ನಿಂತು ಐದಾರು ವರ್ಷವಾದ ಮೇಲೆ ಅವರಿಗೆ ಮತ್ತೆ ಆಗಾಗ ಕಾಣತೊಡಗಿತು. ಮೈಯ ಉಷ್ಣವೆಂದು ಜೀರಿಗೆ ಕಷಾಯ ಕುಡಿದರು, ದೇವರಿಗೆ ಹರಕೆ ಹೊತ್ತರು. ದೊಡ್ಡಪ್ಪನಿಗೆ ಹೇಳಲಿಲ್ಲ, ಅಮ್ಮನಿಗೂ ಅರ್ಧವೇ ಹೇಳಿದರು. ವಾಸನೆ ಬರತೊಡಗಿದಾಗ ತಾವೇ ಹಾಸಿಗೆಯನ್ನು ಎತ್ತಿಕೊಂಡು ಹಿತ್ತಿಲ ಕೊಠಡಿಗೆ ಹೋದರು. ಶಿವಮೊಗ್ಗೆಗೆ ಕರೆದುಕೊಂಡು ಹೋಗುವ ಹೊತ್ತಿಗೆ ಕಾಲ ಮೀರಿತ್ತು; ಅಲ್ಲಿಂದ ಬೆಂಗಳೂರಿಗೆ ಎರಡು ಸಲ ಹೋಗಿಬಂದರು. ನಾನು ಎರಡನೆಯ ಪಿ.ಯು.ಸಿ. ಪರೀಕ್ಷೆ ಬರೆದ ವರ್ಷ ತೀರಿಕೊಂಡರು. ಯಾರ ಮೇಲೆ ತಪ್ಪು ಹೊರಿಸಲಿ? ಅವರನ್ನು ಯಾರೂ ಬಾಯಿ ಮುಚ್ಚಿಕೊಂಡಿರೆಂದು ಗದರಿಸಲಿಲ್ಲ. ಹಾಗಿರಬೇಕೆಂದು ಅವರಿಗೆ ಮೊದಲೇ ಗೊತ್ತಿತ್ತು.

ಪಾಪನಿಕೊಲಾವ್ ಜಗಳಕ್ಕೆ ನಿಲ್ಲಲಿಲ್ಲ. ಒಪ್ಪದವರನ್ನು ಬಿಟ್ಟು ಪ್ರಯೋಗಶಾಲೆಗೆ ಹಿಂದಿರುಗಿ, ೧೯೩೩ರಲ್ಲಿ ಆರೋಗ್ಯವಂತ ಹೆಂಗಸರ ಋತುಚಕ್ರವನ್ನು ಕುರಿತು ಗ್ರಂಥ ಬರೆದನು. ಹತ್ತು ವರ್ಷ ಹೀಗೆ ಹೋಯಿತು. ೧೯೩೯ರಲ್ಲಿ ಜೋಸೆಫ್ ಹಿನ್ಸಿ ವಿಭಾಗದ ಮುಖ್ಯಸ್ಥನಾಗಿ ಬಂದು, ಕ್ಯಾನ್ಸರಿನ ಕೆಲಸವನ್ನೇ ಮುಂದುವರಿಸೆಂದು ಹುರಿದುಂಬಿಸಿದನು. ಹರ್ಬರ್ಟ್ ಟ್ರೌಟ್ ಎಂಬ ಸ್ತ್ರೀರೋಗ ತಜ್ಞ ಜೊತೆಗೂಡಿದನು. ನ್ಯೂಯಾರ್ಕ್ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಬಂದವರೆಲ್ಲರ ಮಾದರಿಯನ್ನೂ ತೆಗೆಯುವ ಏರ್ಪಾಡಾಯಿತು. ಯಾವ ಶಂಕೆಯೂ ಇರದಿದ್ದ ಹೆಂಗಸರಲ್ಲಿ ರೋಗ ಸಿಕ್ಕಿತು. ಕೆಲವರಲ್ಲಿ ಕಣ್ಣಿಗೂ ಕೈಗೂ ಏನೂ ತಿಳಿಯದಷ್ಟು ಎಳೆಯ ಹಂತದಲ್ಲಿ. ೧೯೪೧ರಲ್ಲಿ ಇಬ್ಬರೂ ಲೇಖನ ಪ್ರಕಟಿಸಿದರು. ೧೯೪೩ರಲ್ಲಿ ಗ್ರಂಥ ಹೊರಬಂದಿತು. ಅದಕ್ಕೆ ಬಣ್ಣದ ಚಿತ್ರಗಳನ್ನು ಬರೆದವನು ಹಷಿಮೆ ಮುರಯಾಮ ಎಂಬ ಜಪಾನೀ ಚಿತ್ರಕಾರ. ಅಮೆರಿಕಕ್ಕೂ ಜಪಾನಿಗೂ ಘೋರ ಯುದ್ಧ ನಡೆಯುತ್ತಿದ್ದ ವರ್ಷವೇ ಅದು.

ಈ ನಡುವೆ, ೧೯೪೨ರಲ್ಲಿ, ಅವನು ಪ್ರಕಟಿಸಿದ ಇನ್ನೊಂದು ಸಣ್ಣ ಲೇಖನವಿದೆ: ಬಣ್ಣ ಕಟ್ಟುವ ಹೊಸ ವಿಧಾನ. ನೋಡಲು ಅಡುಗೆಯ ಪಾಕಪಟ್ಟಿಯಂತಿದ್ದರೂ ಉಳಿದುದೆಲ್ಲ ನಿಂತಿರುವುದು ಅದರ ಮೇಲೆ. ಜೀವಕೋಶಕ್ಕೆ ತನ್ನದೆಂಬ ಬಣ್ಣವಿಲ್ಲ. ಗಾಜಿನ ಮೇಲೆ ಹಾಗೆಯೇ ಇಟ್ಟರೆ ಗಂಜಿಯ ತಿಳಿ ಚೆಲ್ಲಿದಂತೆ ಕಾಣುತ್ತದೆ. ನಮ್ಮ ಸೀಮೆಯಲ್ಲಿ ಅಡಿಕೆ ಬೇಯಿಸುವುದನ್ನು ನೋಡಿದವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಹಂಡೆಯಲ್ಲಿ ಚೊಗರು ಹಾಕಿ ಕುದಿಸಿದಾಗ ಎಳೆಯ ಕಾಯಿ ಹಿಡಿಯುವ ಬಣ್ಣವೇ ಬೇರೆ, ಬಲಿತದ್ದು ಹಿಡಿಯುವ ಬಣ್ಣವೇ ಬೇರೆ. ಬಣ್ಣ ನೋಡಿಯೇ ಕಾಯಿಯ ವಯಸ್ಸು ಹೇಳುವ ಮುದುಕರಿದ್ದಾರೆ. ಕೋಶಗಳ ವಿಷಯವೂ ಸರಿಸುಮಾರು ಹೀಗೆಯೇ.

ಮೊದಲ ನಿಯಮ, ಸವರಿದ ಮಾದರಿ ಒಣಗಕೂಡದು. ಹಸಿಯಿರುವಾಗಲೇ ಆಲ್ಕೊಹಾಲ್ ಮತ್ತು ಈಥರ್ ಸಮಸಮ ಬೆರೆಸಿದ ದ್ರವದಲ್ಲಿ ಅದ್ದಬೇಕು. ಒಣಗಿದರೆ ಕೋಶದ ನಡುವಣ ಬೀಜದ ರೇಖೆಗಳು ಮಸಕಾಗುತ್ತವೆ. ಆ ಬೀಜದಲ್ಲಿಯೇ ರೋಗದ ಗುಟ್ಟಿರುವುದು. ಆಮೇಲೆ ಹೆಮಟಾಕ್ಸಿಲಿನ್ ಎಂಬ ಬಣ್ಣ. ಇದು ಮಧ್ಯ ಅಮೆರಿಕದ ಒಂದು ಮರದ ಕೆಚ್ಚಿನಿಂದ ತೆಗೆಯುವಂಥದು. ನಮ್ಮವರು ಪತಂಗದ ಚಕ್ಕೆಯಿಂದ ಕೆಂಪು ತೆಗೆಯುತ್ತಿದ್ದಂತೆ. ಇದು ಕೋಶದ ಬೀಜಕ್ಕೆ ಅಂಟಿ ಅದನ್ನು ಕಡುನೀಲಿ ಮಾಡುತ್ತದೆ. ಬಳಿಕ ಕಿತ್ತಳೆಯ ಒಂದು ಬಣ್ಣ. ಅದಾದ ಮೇಲೆ ಇಯೋಸಿನ್, ತಿಳಿಹಸುರು, ಬಿಸ್ಮಾರ್ಕ್ ಕಂದು ಎಂಬ ಮೂರರ ಬೆರಕೆ. ಮೇಲ್ಪದರದ ಬಲಿತ ಕೋಶಗಳು ಗುಲಾಬಿ, ಕಿತ್ತಳೆಗಳಿಗೆ ತಿರುಗುತ್ತವೆ. ಕೆಳಪದರದ ಎಳೆಯವು ನೀಲಿಹಸುರಾಗುತ್ತವೆ. ಈ ಎರಡು ಬಣ್ಣಗಳನ್ನೂ ಆಲ್ಕೊಹಾಲಿನಲ್ಲಿ ಕರಗಿಸಿರುವುದರಿಂದ ಬಣ್ಣ ದಟ್ಟವಾಗಿ ಮೆತ್ತದೆ ಪಾರದರ್ಶಕವಾಗಿರುತ್ತದೆ. ಒಂದರ ಮೇಲೊಂದು ಕೋಶ ಬಿದ್ದಿದ್ದರೂ ಮೇಲಿನದರ ಮೂಲಕ ಕೆಳಗಿನದು ಕಾಣುತ್ತದೆ. ಏಡಿಗಂತಿಯ ಕೋಶದಲ್ಲಿ ಬೀಜವು ಮೈಗೆ ಮೀರಿ ದೊಡ್ಡದು, ಕಪ್ಪುಮಿಶ್ರಿತ ನೀಲಿ, ಅಂಚು ಸೊಟ್ಟ, ಒಂದರಂತೆ ಇನ್ನೊಂದಿಲ್ಲ. ಪಳಗಿದ ಕಣ್ಣಿಗೆ ಸಾವಿರ ಕೋಶಗಳ ನಡುವೆ ಅಂಥ ಒಂದು ಎದ್ದು ಕಾಣುತ್ತದೆ. ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಅಧ್ಯಾಪಕರು ಬಣ್ಣ ಹಾಕಿದ ಅಂಗಾಂಶದ ಪಟ್ಟಿಯೊಂದನ್ನು ನನಗೆ ತೋರಿಸಿದರು. ರೋಗದ್ದಲ್ಲ, ಇಲಿಯೊಂದರದು. ಆ ನೀಲಿ ಗುಲಾಬಿಗಳು ಇಷ್ಟು ಚೆಂದವಿದ್ದಾವೆಂದು ನಾನು ಎಣಿಸಿರಲಿಲ್ಲ.

ಗ್ರಂಥ ಬಂದ ಮೇಲೆ ಗಾಳಿ ತಿರುಗಿತು. ೧೯೪೭ರಿಂದ ವೈದ್ಯರು ಕಾರ್ನೆಲ್‌ಗೆ ಬಂದು ಈ ವಿದ್ಯೆ ಕಲಿಯತೊಡಗಿದರು. ಅಮೆರಿಕದ ಕ್ಯಾನ್ಸರ್ ಸಂಘ ಬೆಂಬಲಕ್ಕೆ ನಿಂತಿತು. ೧೯೫೦ರಲ್ಲಿ ಲಾಸ್ಕರ್ ಪ್ರಶಸ್ತಿ ಬಂದಿತು. ೧೯೫೪ರಲ್ಲಿ ಉದುರಿದ ಕೋಶಗಳ ಬೃಹತ್ ಚಿತ್ರಸಂಪುಟ ಹೊರಬಂದಿತು. ನೊಬೆಲ್ ಪಾರಿತೋಷಕಕ್ಕೆ ಅವನ ಹೆಸರು ಹಲವು ಸಲ ಸೂಚಿತವಾದರೂ ಅದು ದೊರೆಯಲಿಲ್ಲ. ಕ್ರಮವಾಗಿ ಈ ಪರೀಕ್ಷೆ ನಡೆದ ದೇಶಗಳಲ್ಲಿ ಗರ್ಭಕೋಶದ ಕೊರಳಿನ ಕ್ಯಾನ್ಸರಿನ ಸಾವು ಅರ್ಧಕ್ಕಿಂತ ಕೆಳಗಿಳಿಯಿತು. ಲೋಕವು ಅವನ ಉದ್ದ ಹೆಸರನ್ನು ಮೊಟಕು ಮಾಡಿ ಪ್ಯಾಪ್ ಪರೀಕ್ಷೆಯೆಂದು ಕರೆಯಿತು.

ಮೊದಲು ಹೇಳಿದ ಪೇಚಾಟ ಈ ಮೊಟಕು ಹೆಸರಿನಿಂದಲೇ ಹುಟ್ಟಿದುದು. ಹೋದ ವರ್ಷ ನಮ್ಮ ಕಡೆ ಹೆಂಗಸರಿಗಾಗಿ ತಪಾಸಣೆಯ ಶಿಬಿರವೊಂದು ನಡೆಯಿತು. ನರ್ಸಮ್ಮ ಪ್ಯಾಪ್ ಎಂದದ್ದು ಅಮ್ಮನ ಕಿವಿಗೆ ಪಾಪವೆಂದು ಬಿತ್ತು. ಪಾಪದ ಪರೀಕ್ಷೆ ಮಾಡಿಸಿಕೊಳ್ಳುವಂಥದು ನಾನೇನು ಮಾಡಿದ್ದೇನೆಂದು ಹೆಸರನ್ನೂ ಬರೆಸದೆ ಮನೆಗೆ ಬಂದರು. ನಕ್ಕೆವು; ನಗುತ್ತಿರುವಾಗಲೇ ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ಆ ರಾತ್ರಿ ಅ‌ಮ್ಮನಿಗೆ ಪಾದ್ರಿ ನಿಕೊಲಾಸನ ವಂಶದ ಕತೆ ಹೇಳಿದೆ, ಮೇರಿಯ ಕತೆಯನ್ನೂ ಹೇಳಿದೆ. ಗಿನಿಪಿಗ್ ಅವರಿಗೆ ಅಷ್ಟು ರುಚಿಸಲಿಲ್ಲ. ಇಪ್ಪತ್ತೊಂದು ವರ್ಷ ಗಂಡನಿಗೆ ಮಾದರಿ ಕೊಟ್ಟವಳ ಮಾತು ಕೇಳಿ ಮಾತ್ರ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಮಾರನೆಯ ದಿನ ಸಂತೆಗೆ ಹೋಗುತ್ತೇನೆಂದು ಅಪ್ಪನಿಗೆ ಹೇಳಿ ಹೊರಟರು. ಜೊತೆಗೆ ಪಕ್ಕದ ಮನೆಯ ಇಬ್ಬರು ಹೆಂಗಸರು. ಮೂವರ ಫಲಿತಾಂಶದಲ್ಲಿಯೂ ದೋಷ ಬರಲಿಲ್ಲ. ಸಂತೆಯಿಂದ ಏನೂ ತರಲಿಲ್ಲವೆಂದು ಅಪ್ಪ ಕೇಳಿದ್ದಕ್ಕೆ ಅಮ್ಮ ಏನು ಉತ್ತರ ಕೊಟ್ಟರೋ ನನಗೆ ಹೇಳಿಲ್ಲ.

ಶಾಸ್ತ್ರ ಈಗ ಬಹಳ ಮುಂದೆ ಹೋಗಿದೆ. ಈ ರೋಗದ ಮೂಲ ಒಂದು ವೈರಸ್ಸೆಂದು ಜರ್ಮನಿಯ ಹೆರಾಲ್ಡ್ ಟ್ಸೂರ್ ಹೌಸೆನ್ ೧೯೮೦ರ ದಶಕದಲ್ಲಿ ತೋರಿಸಿ ೨೦೦೮ರಲ್ಲಿ ನೊಬೆಲ್ ಪಡೆದನು. ೨೦೦೬ರಿಂದ ಲಸಿಕೆಯೂ ಬಂದಿದೆ. ಅನೇಕ ದೇಶಗಳಲ್ಲಿ ಪ್ಯಾಪ್ ಪರೀಕ್ಷೆಯ ಬದಲು ವೈರಸ್ಸನ್ನೇ ಹುಡುಕುವ ಪರೀಕ್ಷೆ ಮುಂದಾಗಿದೆ. ಸೂಕ್ಷ್ಮದರ್ಶಕವೂ ಅದನ್ನು ಬಲ್ಲವರೂ ಇಲ್ಲದ ಕಡೆ ವಿನೆಗರಿನಲ್ಲಿರುವ ಆಮ್ಲವನ್ನೇ ಸವರಿ, ಕೆಟ್ಟ ಜಾಗ ಬೆಳ್ಳಗಾಗುವುದನ್ನು ಬರಿಗಣ್ಣಿನಿಂದ ನೋಡುವ ಸುಲಭೋಪಾಯವಿದೆ. ಮೂವತ್ತು ದಾಟಿದ ಹೆಂಗಸರಿಗೆ ಇದನ್ನು ಮಾಡಬೇಕೆಂದು ನಮ್ಮ ಸರ್ಕಾರ ೨೦೧೬ರಲ್ಲಿ ಗೊತ್ತುಮಾಡಿತು. ಆದರೂ ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಮೂವತ್ತರಿಂದ ನಲವತ್ತೊಂಬತ್ತರೊಳಗಿನ ಭಾರತದ ಹೆಂಗಸರಲ್ಲಿ ಬಾಳಿನಲ್ಲಿ ಒಮ್ಮೆಯಾದರೂ ಈ ರೋಗದ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ೨೦೨೨ರ ಅಂದಾಜಿನಂತೆ ನಮ್ಮ ದೇಶದಲ್ಲಿ ಆ ಒಂದು ವರ್ಷ ಸುಮಾರು ೮೦,೦೦೦ ಹೆಂಗಸರು ಇದರಿಂದ ಸತ್ತರು. ನಮ್ಮ ದೊಡ್ಡಮ್ಮ ಈ ಬಗೆಯ ಲೆಕ್ಕದಲ್ಲಿ ಒಂದು ಅಂಕಿ.

ಪಾಪನಿಕೊಲಾವ್ ವಾರಕ್ಕೆ ಆರೂವರೆ ದಿನ, ಎಂಬಂತೆ ಏಳೂ ದಿನ, ದುಡಿಯುತ್ತಿದ್ದನು. ರಜೆಯೆಂಬುದನ್ನೇ ತೆಗೆದುಕೊಳ್ಳುತ್ತಿರಲಿಲ್ಲವೆಂದು ಅವನನ್ನು ಬಲ್ಲವರು ಹೇಳಿದ್ದಾರೆ. ಲಾಂಗ್ ಐಲೆಂಡಿನ ಮನೆಗೆ ಹೋಗುವಾಗಲೂ ಮನಸ್ಸು ಗಾಜಿನ ಪಟ್ಟಿಗಳ ಮೇಲೆಯೇ. ೧೯೬೧ರ ಕೊನೆಯಲ್ಲಿ, ಎಪ್ಪತ್ತೆಂಟರ ವಯಸ್ಸಿನಲ್ಲಿ, ಮಯಾಮಿ ನಗರದ ಕ್ಯಾನ್ಸರ್ ಸಂಸ್ಥೆಯನ್ನು ಕಟ್ಟಿ ಬೆಳೆಸಲೆಂದು ನ್ಯೂಯಾರ್ಕನ್ನು ಬಿಟ್ಟು ಹೊರಟನು. ಅಲ್ಲಿ ಹೊಸ ಕೆಲಸ ಸರಿಯಾಗಿ ಮೊದಲಾಗುವ ಮುನ್ನವೇ, ೧೯೬೨ರ ಫೆಬ್ರವರಿ ೧೯ರಂದು, ಹೃದಯಾಘಾತದಿಂದ ತೀರಿಕೊಂಡನು. ಆ ಸಂಸ್ಥೆಗೆ ಅವನ ಹೆಸರನ್ನೇ ಇಟ್ಟರು. ಗ್ರೀಸ್ ದೇಶ ೧೯೯೫ರಲ್ಲಿ ತನ್ನ ಹತ್ತು ಸಾವಿರ ದ್ರಾಖ್ಮಾ ನೋಟಿನ ಮೇಲೆ ಅವನ ಮುಖವನ್ನು ಅಚ್ಚುಹಾಕಿತು. ಯೂರೋ ಬಂದ ಮೇಲೆ ಆ ನೋಟು ಚಲಾವಣೆಯಲ್ಲಿ ಉಳಿಯಲಿಲ್ಲ.

ಗಂಡ ಸತ್ತ ಮೇಲೆ ಮೇರಿ ಗ್ರೀಸಿಗೆ ಹಿಂದಿರುಗಲಿಲ್ಲ, ನ್ಯೂಯಾರ್ಕಿಗೂ ಹೋಗಲಿಲ್ಲ. ಮಯಾಮಿಯಲ್ಲಿಯೇ ನಿಂತು ಆ ಸಂಸ್ಥೆಯ ಕೆಲಸದಲ್ಲಿ ತೊಡಗಿದಳು. ಇನ್ನೂ ಇಪ್ಪತ್ತು ವರ್ಷ ಬದುಕಿದ್ದು ೧೯೮೨ರಲ್ಲಿ ತೀರಿಕೊಂಡಳು.